ಸುಂಕದವರ ಮುಂದೆ ಸುಖದುಃಖ

‘ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ತರಗತಿಯಲ್ಲಿ ಗಾದೆಗಳ ಪಾಠ ಬಂದಾಗಲೆಲ್ಲ ನಾನೂ ಇದನ್ನು ವಿವರಿಸಿದ್ದುಂಟು: ಸುಂಕದವನಿಗೆ ಬೇಕಾದುದು ಮೂಟೆಯ ಲೆಕ್ಕ, ಮೂಟೆ ಹೊತ್ತವನ ಕಷ್ಟವಲ್ಲ ಎಂದು. ಹಾಗೆಂದು ಮುಂದಿನ ಗಾದೆಗೆ ಹೋಗಿಬಿಟ್ಟಿದ್ದೂ ಉಂಟು. ಆದರೆ 2025ರ ಮಳೆಗಾಲದಲ್ಲಿ ಬುಕ್ಕಸಾಗರದ ಬಡಗಿಯೊಬ್ಬರ ಚಪ್ಪರದ ಕೆಳಗೆ ಕುಳಿತು ಎರಡು ದಿನ ಲೆಕ್ಕ ಬರೆದ ಮೇಲೆ, ಆ ಗಾದೆಯನ್ನು ಅಷ್ಟು ಹಗುರವಾಗಿ ದಾಟಿ ಹೋಗುವುದು ನನ್ನಿಂದ ಆಗುತ್ತಿಲ್ಲ.

ಬುಕ್ಕಸಾಗರ ಹಂಪಿಗೆ ಸಮೀಪದ ಊರು. ಕಮಲಾಪುರದಿಂದ ಕಂಪ್ಲಿಗೆ ಹೋಗುವವರು ಬಲ್ಲ ಊರು. ಬುಕ್ಕರಾಯನ ಹೆಸರನ್ನು ಹೊತ್ತಿದೆ. ತುಂಗಭದ್ರೆಯ ನೀರು ಕುಡಿಯುತ್ತದೆ. ಬತ್ತ, ಬಾಳೆ, ಕಬ್ಬುಗಳ ಹಸುರಿನ ನಡುವೆ ಬಂಡೆಗುಡ್ಡಗಳನ್ನು ಬೆನ್ನಿಗಿಟ್ಟುಕೊಂಡು ಕುಳಿತಿದೆ. ಅಲ್ಲಿಯ ಈ ಬಡಗಿ ನನ್ನ ತಂದೆಯ ಗೆಳೆಯರು. ಚಿಕ್ಕಂದಿನಿಂದಲೂ ನನಗೆ ಅವರು ದೊಡ್ಡಪ್ಪ. ಅವರಿಗೆ ನಾನು, ಕಾಲೇಜಿನಲ್ಲಿ ಪಾಠ ಹೇಳುವವನಾದರೂ, ಇಂದಿಗೂ ತಮ್ಮ. ಒಂದು ಕಾಲದಲ್ಲಿ ನೇಗಿಲು, ಕುಂಟೆ, ಬಂಡಿಯ ಗಾಲಿ ಮಾಡುತ್ತಿದ್ದ ಕೈ ಈಗ ಬಾಗಿಲು, ದೇವರ ಮಂಟಪ, ಯಾತ್ರಿಕರು ಒಯ್ಯುವ ಪುಟ್ಟ ಮರದ ತೇರು ಇವುಗಳನ್ನು ಮಾಡುತ್ತದೆ.

“ತಮ್ಮಾ, ಮಿಷನ್ನಿಗೆ ಸಾಲ ಕೇಳಾಕ ಹೋಗಿದ್ದೆ. ಮೂರು ವರ್ಷದ ತೆರಿಗೆ ಕಾಗದ ತಗಂಬಾ ಅಂತಾರ. ನಾನು ಎಂದರ ತೆರಿಗೆ ಕಟ್ಟೀನೇನು? ನಾನೇನು ಸಾವ್ಕಾರನಾ?” ಎಂದು ಅವರು ಕೇಳಿದರು. ಸಾಲ ಸಿಕ್ಕಿದರೆ ಯಂತ್ರ ಬರುತ್ತದೆ. ಯಂತ್ರ ಬಂದರೆ ಮಗ ಊರಲ್ಲಿ ಉಳಿಯುತ್ತಾನೆ. ಇಲ್ಲವಾದರೆ ಅವನು ಬೆಂಗಳೂರಿಗೆ ಹೊರಟು ನಿಂತಿದ್ದಾನೆ. ಮಾತು ಅಷ್ಟೇ. ಕಳೆದುಹೋದ ವರ್ಷಗಳ ಕಾಗದವನ್ನು ಈಗ ಹುಟ್ಟಿಸುವ ಹಾಗಿಲ್ಲ; ಈ ವರ್ಷದ್ದನ್ನಾದರೂ ಸರಿಯಾಗಿ ಬರೆಯೋಣ, ಇಲ್ಲಿಂದ ಮೊದಲಾಗಲಿ ಎಂದು ಇಬ್ಬರೂ ಕುಳಿತೆವು.

ಲೆಕ್ಕದ ಪುಸ್ತಕ ಎಲ್ಲಿ ಎಂದು ಕೇಳಿದರೆ ಗೋಡೆ ತೋರಿಸಿದರು. ಕಿವಿಯ ಸಂದಿನ ಪೆನ್ಸಿಲಿನಿಂದ ಹಲಗೆಯ ಮೇಲೆ, ಕ್ಯಾಲೆಂಡರಿನ ಅಂಚಿನಲ್ಲಿ, ಬಾಗಿಲ ಚೌಕಟ್ಟಿನ ಹಿಂಬದಿಯಲ್ಲಿ ವರ್ಷದ ವ್ಯವಹಾರವೆಲ್ಲ ಬರೆದಿತ್ತು. ಅದನ್ನು ಹೆಕ್ಕಿ ನೋಟುಬುಕ್ಕಿಗೆ ಇಳಿಸುವಾಗ, ನಮ್ಮ ಪಂಡಿತರು ಬಂಡೆಯಿಂದ ಶಾಸನದ ಅಚ್ಚು ತೆಗೆಯುವುದು ನನಗೆ ನೆನಪಾಯಿತು. ನೆನಪಾದುದಕ್ಕೆ ಕಾರಣವೂ ಇಲ್ಲದಿಲ್ಲ. ಈ ನಾಡಿನ ಬಂಡೆಗಳ ಮೇಲೆ ಬರೆದಿರುವುದರಲ್ಲಿ ಬಡಗಿ, ನೇಕಾರ, ಗಾಣಿಗ, ಕುಂಬಾರರ ತೆರಿಗೆಯ ಮಾತು ಸಣ್ಣ ಪಾಲಲ್ಲ.

ಹಳಗನ್ನಡ ಶಾಸನಗಳನ್ನು ಓದಿದವರಿಗೆ ಮಗ್ಗದೆರೆ, ಗಾಣದೆರೆ ಎಂಬ ಪದಗಳು ಪರಿಚಿತ. ಮಗ್ಗಕ್ಕೆ ಕೊಡುವ ತೆರೆ ಮಗ್ಗದೆರೆ. ಗಾಣಕ್ಕೆ ಕೊಡುವುದು ಗಾಣದೆರೆ. ಇಲ್ಲಿ ಒಂದು ಸೂಕ್ಷ್ಮವುಂಟು. ತೆರೆ ಬಿದ್ದದ್ದು ನೇಕಾರನ ಗಳಿಕೆಯ ಮೇಲಲ್ಲ, ಮಗ್ಗದ ಮೇಲೆ. ಗಳಿಕೆ ಕಣ್ಣಿಗೆ ಕಾಣುವ ವಸ್ತುವಲ್ಲ. ಅದು ಗಡಿಗೆಯಲ್ಲಿರಬಹುದು, ಹೊಟ್ಟೆಗೆ ಹೋಗಿರಬಹುದು, ಇಲ್ಲದೆಯೂ ಇರಬಹುದು. ಮಗ್ಗವಾದರೋ ಮನೆಯೊಳಗೆ ಗುಳಿ ತೋಡಿ ಹೂಡಿದ್ದು. ಸುಂಕದವನು ಬಾಗಿಲಲ್ಲಿ ನಿಂತು ಒಂದು, ಎರಡು ಎಂದು ಎಣಿಸಿಕೊಂಡು ಹೋಗಬಹುದು. ಅರಸನ ಬೊಕ್ಕಸ ಕಂಡದ್ದನ್ನು ಎಣಿಸಿತು, ಕಾಣದ್ದನ್ನು ಬಿಟ್ಟಿತು. ತೆರಿಗೆಯ ಚರಿತ್ರೆಯೆಂದರೆ ಒಂದರ್ಥದಲ್ಲಿ ಸುಂಕದವನ ಕಣ್ಣಿನ ಚರಿತ್ರೆಯೇ. ಆ ಕಣ್ಣಿಗೆ ಯಾವಾಗ ಏನು ಕಾಣಿಸಿತೋ ಅದರ ಮೇಲೆ ತೆರಿಗೆ.

ಈ ತೆರೆಗಳೆಲ್ಲ ಅರಮನೆಗೇ ಹೋಗುತ್ತಿದ್ದುವೆಂದಲ್ಲ. ಎಷ್ಟೋ ಶಾಸನಗಳಲ್ಲಿ ಊರಿನ ಗಾಣದೆರೆಯನ್ನು ದೇವರಿಗೆ ಬಿಟ್ಟುಕೊಟ್ಟದ್ದು ಕಾಣುತ್ತದೆ. ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ನಂದಾದೀವಿಗೆಗೆ ಎಂಬಂಥ ಮಾತು ಬರುತ್ತದೆ. ತಾನು ಕೊಟ್ಟ ಎಣ್ಣೆ ಉರಿಯುವುದನ್ನು ಗಾಣಿಗ ಸಂಜೆ ಹೋಗಿ ಕಣ್ಣಾರೆ ನೋಡಬಹುದಾಗಿತ್ತು. ಕೊಟ್ಟ ತೆರಿಗೆ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಅಷ್ಟು ನೇರವಾದ ಉತ್ತರ ಆಮೇಲೆ ಯಾರಿಗೂ ಸಿಕ್ಕಿದಂತಿಲ್ಲ.

ಶಾಸನಗಳಲ್ಲಿ ಸುಂಕಗಳಿಗೆ ಹಿರಿದು ಕಿರಿದೆಂಬ ಭೇದವೂ ಇತ್ತು. ಹಿರಿಯ ಸುಂಕ ಪೆರ್ಜುಂಕ, ಅದೇ ಮುಂದೆ ಹೆಜ್ಜುಂಕ. ಚಿಲ್ಲರೆ ಬಾಬುಗಳ ಮೇಲಿನದು ಕಿರುಕುಳ. ಹೌದು, ಇಂದು ನಾವು ಪೀಡೆಯೆಂಬ ಅರ್ಥದಲ್ಲಿ ಬಳಸುವ ಅದೇ ಕಿರುಕುಳ. ದೊಡ್ಡ ಸುಂಕ ಕೊಟ್ಟವರು ಅದನ್ನು ಮರೆತರು; ಆ ಪದ ನಿಘಂಟಿನಲ್ಲಿ ಉಳಿಯಿತು. ಸಣ್ಣ ಸುಂಕ ಕೊಟ್ಟವರು ಮರೆಯಲಿಲ್ಲ. ಆ ಪದ ನಾಲಗೆಯ ಮೇಲೆ ಉಳಿದು ಬೇನೆಯ ಹೆಸರಾಯಿತು. ಬಿಟ್ಟಿ ಎಂಬ ಮಾತಿನ ಕತೆಯೂ ಇಂಥದೇ. ಸಂಸ್ಕೃತದ ವಿಷ್ಟಿಯಿಂದ ಬಂದ ಈ ಪದಕ್ಕೆ ಮೂಲದಲ್ಲಿ ಕೂಲಿಯಿಲ್ಲದೆ ಮಾಡಿಸಿಕೊಂಡ ದುಡಿಮೆ ಎಂದರ್ಥ. ಇಂದು ಬಿಟ್ಟಿ ಸಿಕ್ಕಿತು ಎಂದು ನಾವು ಸಂತೋಷಪಡುತ್ತೇವೆ. ಕೊಟ್ಟವನ ಪದ ಪಡೆದವನ ಬಾಯಿಗೆ ಬಂದದ್ದೇ ಅದರ ಅರ್ಥ ಹೀಗೆ ಹೊರಳಿತು.

ವಿಜಯನಗರದ ವೈಭವದ ದಿನಗಳಲ್ಲಿ ಸುಂಕದವನ ಕಣ್ಣು ಎಲ್ಲಿತ್ತೆಂಬುದಕ್ಕೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಸಾಕ್ಷಿ. ಇವನು 1535ರ ಸುಮಾರಿಗೆ ಬರೆದುದನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಇಂದಿನ ಹೊಸಪೇಟೆ ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. ಅದರ ದಕ್ಷಿಣದ ಬೆಟ್ಟಗಳ ನಡುವೆ ರಾಯ ದೊಡ್ಡ ಕೆರೆ ಕಟ್ಟಿಸಿದ. ಸಂಡೂರಿನ ಕಡೆಗೆ ಹೋಗುವವರು ಅದರ ಏರಿಯನ್ನು ಈಗಲೂ ನೋಡಬಹುದು. ಆ ಕೆರೆಯ ಮೇಲ್ಗಡೆ ಎರಡು ಗೋಪುರಗಳ ಭದ್ರವಾದ ಬಾಗಿಲೊಂದಿತ್ತು, ಸಾವಿರ ಮಂದಿ ಕಾವಲಿತ್ತು, ಎರಡೂ ಪಟ್ಟಣಗಳಿಗೆ ಬರುವ ಸರಕೆಲ್ಲ ಅದರಲ್ಲೇ ನುಸುಳಬೇಕಾಗಿತ್ತು ಎನ್ನುತ್ತಾನೆ ನೂನಿಜ್. ಆ ಬಾಗಿಲನ್ನು ವರ್ಷಕ್ಕೆ 12,000 ವರಹಕ್ಕೆ ಗುತ್ತಿಗೆ ಕೊಟ್ಟಿತ್ತು. ಗುತ್ತಿಗೆದಾರರು ಕೇಳಿದಷ್ಟು ಕೊಡದೆ ದೇಶದವನಾಗಲಿ ಪರದೇಶಿಯಾಗಲಿ ಒಳಗೆ ಕಾಲಿಡುವಂತಿರಲಿಲ್ಲ. ದಿನಕ್ಕೆ 2,000 ಹೇರೆತ್ತುಗಳು ಒಳಬರುತ್ತಿದ್ದುವು. ಎತ್ತಿಗೆ ಮೂರು ವಿಂಟೆಂ ಎಂಬ ಸಣ್ಣ ನಾಣ್ಯದ ಸುಂಕ. ಕೊಂಬಿಲ್ಲದ ಬೋಳೆತ್ತುಗಳಿಗೆ ಮಾತ್ರ ರಾಜ್ಯದಲ್ಲಿ ಎಲ್ಲಿಯೂ ಸುಂಕವಿರಲಿಲ್ಲವಂತೆ!

ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. “ಹಂಗಾದರ ಅವಾಗಿನ ಮಂದಿ ಎತ್ತಿನ ಕೊಂಬು ಕುಯ್ಸಿರಬೇಕು ಬಿಡು” ಎಂದರು. ನಗೆಯೇನೋ ಸರಿ. ಆದರೆ ಗುತ್ತಿಗೆಯ ಮಾತನ್ನು ಮರೆಯುವಂತಿಲ್ಲ. ಮುಂಗಡವಾಗಿ ಹಣ ಕಟ್ಟಲು ಒಪ್ಪಿದವನು ಅದರ ಮೇಲೆ ಸಿಕ್ಕಿದ್ದೆಲ್ಲ ತನ್ನದೆಂದು ಬಾಗಿಲಲ್ಲಿ ನಿಂತಾಗ, ಅವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಗಾದೆ ಹುಟ್ಟಲು ಇಂಥ ಬಾಗಿಲೊಂದು ಸಾಕು.

ಕಸುಬಿನವರು ಇದನ್ನೆಲ್ಲ ಬಾಯಿಮುಚ್ಚಿ ಸಹಿಸಿದರೆಂದು ತಿಳಿಯಬಾರದು. ಇಮ್ಮಡಿ ದೇವರಾಯನ ಕಾಲದಲ್ಲಿ, 1429ರಲ್ಲಿ, ಸಾಮ್ರಾಜ್ಯದ ತಮಿಳು ಸೀಮೆಯ ಕಾವೇರಿ ಬಯಲಿನಲ್ಲಿ ಬಲಗೈ ಮತ್ತು ಎಡಗೈ ಪಂಗಡಗಳ ಜನ ತಮ್ಮತಮ್ಮೊಳಗಿನ ಹಳೆಯ ಜಗಳವನ್ನು ಬದಿಗಿಟ್ಟು ಒಂದಾದರು. ಬೇಸಾಯಗಾರರೊಡನೆ ನೇಕಾರರೂ ಇತರ ಕಸುಬಿನವರೂ ಇದ್ದ ಆ ಕೂಟ, ಅಧಿಕಾರಿಗಳೂ ಭೂಮಾಲಿಕರೂ ಸೇರಿ ತಮ್ಮನ್ನು ಹಿಂಡುತ್ತಿದ್ದಾರೆ, ಯಾವುದಕ್ಕೆ ಎಷ್ಟು ಕೊಡುವುದೆಂದು ಇನ್ನು ನಾವೇ ಗೊತ್ತು ಮಾಡುತ್ತೇವೆ, ಹಿಂಡುವವರ ಜೊತೆ ಕೈಗೂಡಿಸಿದವರನ್ನು ಸುಮ್ಮನೆ ಬಿಡುವುದಿಲ್ಲ ಎಂದು ಸಾರಿತು. ಸಾರಿದ್ದನ್ನು ದೇವಸ್ಥಾನದ ಗೋಡೆಯ ಮೇಲೆ ಕಲ್ಲಿನಲ್ಲಿ ಕೆತ್ತಿಸಿತು. ಕೊರುಕ್ಕೈಯಂಥ ಊರುಗಳಲ್ಲಿ ಆ ಶಾಸನಗಳು ಇಂದಿಗೂ ಉಂಟು.

ಇನ್ನೊಂದು ದಾರಿಯೂ ಇತ್ತು. ಅದು ನಮ್ಮ ಬಾದಾಮಿಯ ಕ್ಷೌರಿಕರ ದಾರಿ. ಸದಾಶಿವರಾಯನ ಆಳ್ವಿಕೆಯಲ್ಲಿ, 1540ರ ದಶಕದಲ್ಲಿ, ಅಳಿಯ ರಾಮರಾಯನನ್ನು ಮೆಚ್ಚಿಸಿ ಕೊಂಡೋಜನೇ ಮೊದಲಾದವರು ತಮ್ಮ ಕುಲಕಸುಬಿನವರ ತೆರಿಗೆಯನ್ನು ಮಾಫಿ ಮಾಡಿಸಿಕೊಂಡರು. ಆ ಮಾಫಿ ಒಬ್ಬರ ಮನೆಗೆ ನಿಲ್ಲಲಿಲ್ಲ. ರಾಜ್ಯದ ಬೇರೆ ಬೇರೆ ಸೀಮೆಗಳಲ್ಲಿ ಅದನ್ನು ಸಾರುವ ಶಾಸನಗಳು ದೊರೆತಿವೆ. ತೆರಿಗೆಯ ಜೊತೆಗೆ ಬಿಟ್ಟಿ, ಬಿರಾಡಗಳೂ ತಪ್ಪಿದುವು. ಗದ್ದದ ಕೆಳಗೆ ಕತ್ತಿಯಿಟ್ಟು ಕುಳಿತವನ ಸುಖದುಃಖವನ್ನು ಅರಸನೂ ಕೇಳಲೇಬೇಕಾಯಿತೆಂದು ವಿನೋದಕ್ಕೆ ಹೇಳಬಹುದು. ಎಲ್ಲ ಕಸುಬಿನವರಿಗೂ ಅರಸನ ಗದ್ದ ಎಟಕುವುದಿಲ್ಲವಷ್ಟೆ.

1565ರಲ್ಲಿ ರಾಜಧಾನಿ ಹಾಳಾಯಿತು; ಮಗ್ಗದ ಮೇಲಿನ ತೆರಿಗೆ ಹಾಳಾಗಲಿಲ್ಲ. ಅರಸರು ಬದಲಾದರು, ಪಾಳೆಯಗಾರರು ಬಂದರು, ಹೈದರ್, ಟಿಪ್ಪು, ನಿಜಾಮರು ಬಂದರು. 1800ರಲ್ಲಿ ನಿಜಾಮ ಬಳ್ಳಾರಿಯೇ ಮೊದಲಾದ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ. ಅಲ್ಲಿಗೆ ಕಲೆಕ್ಟರಾಗಿ ಬಂದ ತಾಮಸ್ ಮನ್ರೋ 1807ರವರೆಗೆ ಇದ್ದು ಹೊಲಗಳನ್ನು ಅಳೆಸಿ ಕಂದಾಯ ಕಟ್ಟಿದ್ದನ್ನು ಶಾಲೆಯ ಮಕ್ಕಳೂ ಬಲ್ಲರು. ಹೊಲವಿಲ್ಲದವರ ಮೇಲೆ ಬಿದ್ದದ್ದು ಮೊಹತರ್ಫ. ಕಸುಬು ಎಂಬರ್ಥದ ಅರಬ್ಬಿ ಪದದಿಂದ ಬಂದ ಈ ಹೆಸರಿನ ಕೆಳಗೆ ಮಗ್ಗ, ಅಂಗಡಿ, ಮನೆ, ಕುಲುಮೆ ಎಲ್ಲವೂ ಬಂದುವು. ವರ್ತಕರ ಮೇಲಿನದಕ್ಕೆ ವೀಸಬಡಿ ಎಂಬ ಬೇರೆ ಹೆಸರು. ವೀಸವೆಂದರೆ ಹದಿನಾರರಲ್ಲೊಂದು ಪಾಲು. ಅಲ್ಲಿ ವರ್ತಕರು ತಮ್ಮತಮ್ಮೊಳಗೇ ಪಾಲು ಹಾಕಿಕೊಳ್ಳುವುದುಂಟು. ಯಾರ ವ್ಯಾಪಾರ ಎಷ್ಟೆಂದು ಪಕ್ಕದ ಅಂಗಡಿಯವನಿಗಿಂತ ಚೆನ್ನಾಗಿ ಬಲ್ಲವರಾರು?

ಮೊಹತರ್ಫದ ದೋಷ ಅದರ ಮೊತ್ತದಲ್ಲಿರಲಿಲ್ಲ, ಅದರ ಅಳತೆಯಲ್ಲಿತ್ತು. ಮಗ್ಗ ಹೊಸೆದ ಹೊಸತರಲ್ಲಿಯೂ ಅದೇ ತೆರಿಗೆ, ಲ್ಯಾಂಕಷೈರಿನ ಬಟ್ಟೆ ಸಂತೆಗೆ ಬಂದು ಮಗ್ಗ ಅರ್ಧ ದಿನ ಸುಮ್ಮನಿದ್ದಾಗಲೂ ಅದೇ ತೆರಿಗೆ. ಗಾಜುಲು ಲಕ್ಷ್ಮೀನರಸು ಶೆಟ್ಟಿಯವರು ಕಟ್ಟಿದ ಮದ್ರಾಸ್ ನೇಟಿವ್ ಅಸೋಸಿಯೇಷನ್ 1852ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಕಳಿಸಿದ ಮನವಿಯಲ್ಲಿ ಇದರ ಮಾತು ಬರುತ್ತದೆ. ನೇಕಾರ, ಬಡಗಿ, ಲೋಹದ ಕೆಲಸದವ, ಬೀದಿಬದಿಯಲ್ಲಿ ಮಾರುವವ, ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಎಷ್ಟೋ ಸಲ ಕೈಯಲ್ಲಿರುವ ಉಪಕರಣದ ಬೆಲೆಯ ಆರು ಪಟ್ಟು ತೆರಿಗೆ ಬೀಳುತ್ತದೆ ಎಂದು ಆ ಮನವಿ ದೂರಿತು. ಕಂದಾಯ ವಸೂಲಿಗಾಗಿ ಜನರನ್ನು ಹಿಂಸಿಸುವುದುಂಟೆಂಬ ಮಾತು ಎದ್ದು, ವಿಚಾರಣೆಗೆ ಆಯೋಗ ನೇಮಕವಾಯಿತು. 1855ರ ಅದರ ವರದಿ ಹಿಂಸೆ ನಡೆಯುತ್ತಿದ್ದುದು ನಿಜವೆಂದೇ ಹೇಳಿತು. ಕಿರುಕುಳವೆಂಬ ಪದ ಅರ್ಥ ಬದಲಿಸಿಕೊಂಡದ್ದು ಏಕೆಂದು ಇನ್ನು ವಿವರಿಸಬೇಕಾಗಿಲ್ಲ.

ಸಿಪಾಯಿ ದಂಗೆ ಅಡಗಿಸಲು ಆದ ಸಾಲ ತೀರಿಸಲೆಂದು ಜೇಮ್ಸ್ ವಿಲ್ಸನ್ ಆದಾಯ ತೆರಿಗೆಯನ್ನು ತಂದದ್ದು 1860ರಲ್ಲಿ. ಜುಲೈ 24ರಂದು ಅದು ಕಾನೂನಾಯಿತು. ವರ್ಷಕ್ಕೆ 200 ರೂಪಾಯಿಗೆ ಕಡಮೆ ಆದಾಯವಿದ್ದವರು ಅದರಿಂದ ಹೊರಗೆ. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಇದನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆ ಕಳೆದುಕೊಂಡ. ಮೊಹತರ್ಫ ಆ ದಶಕದ ಆರಂಭದಲ್ಲಿಯೇ ಮದರಾಸು ಆಧಿಪತ್ಯದಿಂದ ತೊಲಗಿತು. ಹಳ್ಳಿಯ ಬಡಗಿ, ಕುಂಬಾರ, ನೇಕಾರರು ಬಹುಪಾಲು 200 ರೂಪಾಯಿಯ ಗೆರೆಯ ಕೆಳಗಿದ್ದವರು. ಎಷ್ಟೋ ಶತಮಾನಗಳ ಮೇಲೆ ಅವರ ಮಗ್ಗ, ಉಳಿ, ತಿಗರಿಗಳು ಸರ್ಕಾರದ ಪುಸ್ತಕದಿಂದ ಹೊರಬಂದುವು.

ಸುಂಕದವನ ಕಣ್ಣು ಉಪಕರಣದಿಂದ ಆದಾಯಕ್ಕೆ ತಿರುಗಿದ್ದು ಹೀಗೆ. ಇದು ಸಣ್ಣ ಬದಲಾವಣೆಯಲ್ಲ. ಉಪಕರಣವನ್ನು ಸುಂಕದವನೇ ಬಂದು ಎಣಿಸುತ್ತಿದ್ದ. ಆದಾಯವನ್ನು ನಾವೇ ಎಣಿಸಿ ಅವನಿಗೆ ಹೇಳಬೇಕು. ಅಂದರೆ ಸುಖದುಃಖವನ್ನು ಹೇಳಿಕೊಳ್ಳಲು ಮೊದಲ ಬಾರಿಗೆ ಒಂದು ನಮೂನೆ ಬಂತು! ಇಷ್ಟು ಬಂತು, ಇಷ್ಟು ಹೋಯಿತು, ಇಷ್ಟು ಉಳಿಯಿತು ಎಂದು ಬರೆಯಬಹುದು. ಏನೂ ಉಳಿಯಲಿಲ್ಲವೆಂದೂ ಬರೆಯಬಹುದು. ಮಗ್ಗದೆರೆಯ ಕಾಲದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಆದರೆ ಬರೆಯಲು ಬರೆಯುವವನು ಬೇಕು, ಪುಸ್ತಕ ಬೇಕು. ಗೋಡೆಯ ಲೆಕ್ಕ ನಡೆಯುವುದಿಲ್ಲ. 1886ರ ಕಾಯಿದೆ ಬೇಸಾಯದ ಆದಾಯವನ್ನು ಹೊರಗಿಟ್ಟಿತು. 1922ರ, 1961ರ ಕಾಯಿದೆಗಳೂ ಅದನ್ನೇ ಪಾಲಿಸಿದುವು. ಹೀಗಾಗಿ ಬುಕ್ಕಸಾಗರದಲ್ಲಿ ಬಾಳೆ ಬೆಳೆದವರು ಬರೆಯಬೇಕಾಗಿಲ್ಲದ ಲೆಕ್ಕವನ್ನು, ಅವರ ಬಾಗಿಲು ಕೆತ್ತಿದವರು ಬರೆಯಬೇಕಾಗುತ್ತದೆ.

ದೊಡ್ಡಪ್ಪನ ತಂದೆಗೆ ಈ ತಾಪತ್ರಯವಿರಲಿಲ್ಲ. ಅವರು ಊರಿನ ಆಯಗಾರರು. ವರ್ಷವಿಡೀ ರೈತರ ನೇಗಿಲು ಕುಂಟೆ ನೋಡಿಕೊಂಡು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ತರುತ್ತಿದ್ದರು. “ನಮ್ಮಪ್ಪಗ ಚೀಲಾನ ಲೆಕ್ಕ, ಚೀಲಾನ ಪುಸ್ತಕ” ಎಂದರು ದೊಡ್ಡಪ್ಪ. ಟ್ರ್ಯಾಕ್ಟರು ಬಂದು ನೇಗಿಲು ಹೋಯಿತು. ನೇಗಿಲಿನೊಡನೆ ಆಯವೂ ಹೋಯಿತು. ಉಳಿದದ್ದು ಕೈಯ ಕಸುಬು ಮತ್ತು ರೊಕ್ಕದ ವ್ಯಾಪಾರ.

ನಾವು ಬರೆದ ಲೆಕ್ಕಕ್ಕೆ ಬರುತ್ತೇನೆ. ಒಂದು ಕಡೆ ಮಾರಿ ಬಂದ ಹಣ. ಇನ್ನೊಂದು ಕಡೆ ಮರ, ಸಾಮಿಲ್ಲಿನ ಕೊಯ್ತ, ಮೊಳೆ, ಅಂಟು, ಪಾಲಿಶ್, ಕರೆಂಟ್ ಬಿಲ್ಲು, ಉಳಿ ಗರಗಸಗಳ ರಿಪೇರಿ, ಹೊರಗಿನ ಆಳಿಗೆ ಕೊಟ್ಟ ಕೂಲಿ. ಎಲ್ಲವನ್ನೂ ಬರೆದು ಮುಗಿಸಿದಾಗ ದೊಡ್ಡಪ್ಪ ಕೇಳಿದರು: “ನನ್ನ ಕೂಲಿ ಎಲ್ಲಿ ಬರದಿ?”

ನಾನು ತಡವರಿಸಿದೆ. ಒಡೆಯನೇ ದುಡಿದರೆ ಅವನ ಕೂಲಿಯನ್ನು ಖರ್ಚೆಂದು ಬರೆಯುವಂತಿಲ್ಲ. ಕೊನೆಯಲ್ಲಿ ಉಳಿದುದೇ ನಿಮ್ಮ ಕೂಲಿ, ಕಾನೂನು ಅದನ್ನು ಲಾಭ ಎನ್ನುತ್ತದೆ ಎಂದು ವಿವರಿಸಿದೆ.

“ಹಂಗಾದರ ನಾನು ಬಿಟ್ಟಿ ಮಾಡಿದಂಗಾತು” ಎಂದರು ಅವರು.

ಕಾನೂನಿನ ದೃಷ್ಟಿಯಿಂದ ಆ ಮಾತು ಸರಿಯಲ್ಲ. ಅವರ ಕೂಲಿಯನ್ನು ಯಾರೂ ಕಸಿದುಕೊಂಡಿಲ್ಲ. ಅದರ ಹೆಸರು ಬದಲಾಗಿದೆ ಅಷ್ಟೇ. ಆದರೂ ಆ ಮಾತು ನನ್ನನ್ನು ಕುಟುಕಿತು. ಉಳಿದ ಮೊತ್ತವನ್ನು ಅವರು ಕೆಲಸ ಮಾಡಿದ ದಿನಗಳಿಂದ ಭಾಗಿಸಿ ನೋಡಿದೆವು. ಬಂದ ಅಂಕಿ ಹೊಸಪೇಟೆಯಲ್ಲಿ ಗಾರೆಯವನಿಗೆ ಕೊಡುವ ದಿನಗೂಲಿಗಿಂತ ಕಡಮೆ. ನಲವತ್ತು ವರ್ಷ ಉಳಿ ಹಿಡಿದವರು ತಮ್ಮ ತೇರಿಗೆ ಬೆಲೆ ಕಟ್ಟುವಾಗ ಮರಕ್ಕೆ ಬೆಲೆ ಕಟ್ಟಿದ್ದರು, ಪಾಲಿಶಿಗೆ ಕಟ್ಟಿದ್ದರು, ತಮ್ಮ ಕೈಗೆ ಕಟ್ಟಿರಲಿಲ್ಲ. ಇದನ್ನು ಅವರಿಗೆ ತೋರಿಸಿಕೊಟ್ಟದ್ದು ತೆರಿಗೆಯ ನಮೂನೆ. ಮಗ ಬೆಂಗಳೂರಿಗೆ ಹೊರಟದ್ದೇಕೆಂಬುದೂ ಆ ಒಂದು ಅಂಕಿಯಲ್ಲಿ ಇತ್ತು.

ಇಷ್ಟು ಲೆಕ್ಕ ಬರೆಯಲಾರದ ಸಣ್ಣ ಕಸುಬಿನವರಿಗಾಗಿ 1961ರ ಕಾಯಿದೆಯಲ್ಲಿ ಇನ್ನೊಂದು ದಾರಿಯನ್ನೂ ಮಾಡಿದ್ದರು: ನಗದಾಗಿ ಬಂದುದರಲ್ಲಿ ನೂರಕ್ಕೆ 8, ಬ್ಯಾಂಕಿನ ಮೂಲಕ ಬಂದುದರಲ್ಲಿ ನೂರಕ್ಕೆ 6, ಇಷ್ಟಾದರೂ ಲಾಭವೆಂದು ಒಪ್ಪಿಕೊಂಡರೆ ಪುಸ್ತಕ ಬೇಕಾಗಿಲ್ಲ ಎಂದು. ಇದು ಅನುಕೂಲವೇ. ನಾವು ಮಾತ್ರ ಪೂರ್ತಿ ಲೆಕ್ಕವನ್ನೇ ಬರೆದೆವು. ಅಂದಾಜಿನಲ್ಲಿ ಕೂಲಿಯ ಮಾತು ಹೊರಬೀಳುವುದಿಲ್ಲ.

ಸುಂಕದವನ ಕಣ್ಣು ಈಚೆಗೆ ಇನ್ನೂ ಒಂದು ಕಡೆ ತಿರುಗಿದೆ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂತು, ಸರಕು ಮಾರುವವರಿಗೆ 2019ರಿಂದ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿಯ ಹಂಗಿಲ್ಲ. ನಾವು ಲೆಕ್ಕ ಬರೆಯುತ್ತಿದ್ದ ದಿನಗಳಲ್ಲೇ, 2025ರ ಜುಲೈನಲ್ಲಿ, ಮೊಬೈಲ್ ಫೋನಿನ ಮೂಲಕ ಬಂದ ಹಣವನ್ನು ಕೂಡಿಸಿ ನೋಡಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಹೋದುವು. ಬೆಂಗಳೂರಿನ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಹಲಗೆಗಳು ತೂಗಿದುವು; ವ್ಯಾಪಾರಿಗಳ ಪ್ರತಿಭಟನೆಯಾಯಿತು; ಸರ್ಕಾರ ಹಳೆಯ ಬಾಕಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಬಾಗಿಲಲ್ಲಿ ನಿಂತು ಎತ್ತು ಎಣಿಸುತ್ತಿದ್ದ ಕಣ್ಣು ಈಗ ಅಂಗೈಯೊಳಗಿನ ಫೋನಿನಲ್ಲಿದೆ. ಅದೂ ಬಂದ ಹಣವನ್ನು ಕಾಣುತ್ತದೆ, ಹೋದ ಹಣವನ್ನು ಕಾಣುವುದಿಲ್ಲ. ಅದನ್ನು ಹೇಳಬೇಕಾದವರು ನಾವೇ, ಹೇಳಲು ಪುಸ್ತಕವಿರಬೇಕು.

ಇದೇ ಸರ್ಕಾರಗಳ ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. 2023ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಬಡಗಿ, ಕಮ್ಮಾರ, ಕುಂಬಾರ, ಶಿಲ್ಪಿ ಮೊದಲಾದ 18 ಕಸುಬುಗಳವರಿಗೆ ಉಪಕರಣ ಕೊಳ್ಳಲು 15,000 ರೂಪಾಯಿಯವರೆಗೆ ನೆರವನ್ನೂ, ನೂರಕ್ಕೆ 5ರ ಬಡ್ಡಿಯ ಸಾಲವನ್ನೂ ಗೊತ್ತು ಮಾಡಿತು. ಉಳಿಗೆ ಅದರ ಬೆಲೆಯ ಆರು ಪಟ್ಟು ತೆರಿಗೆಯೆಂದು ಜನ ಗೋಳಿಟ್ಟ ನಾಡಿನಲ್ಲಿ, ಉಳಿ ಕೊಳ್ಳಲು ಸರ್ಕಾರವೇ ಹಣ ಕೊಡುವ ಕಾಲವೂ ಬಂತು. ನಡುವೆ ಕಳೆದದ್ದು ನೂರೆಪ್ಪತ್ತು ವರ್ಷ.

ಲೆಕ್ಕದ ಕೊನೆಯಲ್ಲಿ ಕಟ್ಟಬೇಕಾದ ತೆರಿಗೆ ಸೊನ್ನೆ ಎಂದು ಬಂತು. “ಸೊನ್ನೆ ಬರಿಯಾಕ ಎರಡು ದಿನ ಹಿಡೀತಲ್ಲೋ ತಮ್ಮಾ” ಎಂದು ದೊಡ್ಡಪ್ಪ ನಕ್ಕರು. ಕಾಗದ ಸಲ್ಲಿಸಿ ರಸೀತಿ ತೆಗೆದುಕೊಂಡೆವು. ಒಂದೇ ವರ್ಷದ್ದು ಸಾಲದೆಂದು ಸಾಲದ ಅರ್ಜಿ ಇನ್ನೂ ಕುಳಿತಿದೆ. ಮಗ ಒಂದು ವರ್ಷ ನೋಡುತ್ತೇನೆ ಎಂದು ಉಳಿದಿದ್ದಾನೆ.

ಮೊನ್ನೆ ಹೋದಾಗ ಚಪ್ಪರದ ಗೂಟಕ್ಕೆ ಎರಡು ನೋಟುಬುಕ್ಕು ತೂಗಿದ್ದುವು. ಒಂದು ನಾನು ಗೆರೆ ಹಾಕಿಕೊಟ್ಟದ್ದು. ಇನ್ನೊಂದು ಯಾವುದೆಂದು ತೆರೆದು ನೋಡಿದೆ. ತಾರೀಕು, ಮಾಡಿದ ಕೆಲಸ, ಅದರ ಮುಂದೆ ದೊಡ್ಡಪ್ಪನ ಅಕ್ಷರದಲ್ಲಿ ‘ನನ್ನ ಕೂಲಿ’ ಎಂಬ ಕಲಮು. ಹೊಸ ತೇರಿನ ಬೆಲೆ ಹಳೆಯದಕ್ಕಿಂತ ಹೆಚ್ಚಾಗಿತ್ತು.

“ಅದು ಸರ್ಕಾರಕ್ಕಲ್ಲ ತಮ್ಮಾ, ನನಗ” ಎಂದರು ಅವರು, ಉಳಿಯಿಂದ ಕಣ್ಣೆತ್ತದೆ.